ಕೆಮ್ಮಣ್ಣಿನಲ್ಲಿ ಮಣ್ಣೊಲ್ಲದ ಹೂದಂಡೆ

ಉಡುಪಿಯಿಂದ ಪಡುವಣಕ್ಕೆ, ಸ್ವರ್ಣಾ ನದಿ ಕಡಲು ಸೇರುವ ಮುನ್ನ ಕುದ್ರು ಎಂಬ ನಡುಗಡ್ಡೆಗಳನ್ನು ಬಳಸಿಕೊಂಡು ಅಗಲವಾಗುವಲ್ಲಿ ಕೆಮ್ಮಣ್ಣು ಇದೆ. ಹೊರಗಿನವರಿಗೆ ಅದು ತೂಗುಸೇತುವೆಯ ಊರು. ಊರವರಿಗೆ ತೆಂಗು, ಬಸಳೆ, ಮೀನಿನ ಊರು. ಹೆಸರಿನಲ್ಲೇ ಮಣ್ಣಿದೆ, ಮಣ್ಣಿನ ಬಣ್ಣವೂ ಇದೆ. ಇಂಥ ಕಡೆ ಮನೆಗೊಂದು ಹೊಸ ಗಿಡ ಬಂದರೆ ಕೈ ತಾನಾಗಿಯೇ ಹಾರೆಯತ್ತ ಹೋಗುತ್ತದೆ. ಗುಂಡಿ ತೋಡಿ, ಸುಡುಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ, ಬುಡ ಒತ್ತಿ, ನೀರು ಹೊಯ್ದರೆ ಅರ್ಧ ಕೆಲಸ ಮುಗಿದಂತೆ. ಸೀತಾಳೆ ದಂಡೆಗೆ ಇದಿಷ್ಟನ್ನೂ ಪ್ರೀತಿಯಿಂದ ಮಾಡಿದರೆ ಒಂದು ಮಳೆಗಾಲ ದಾಟುವುದರೊಳಗೆ ಅದು ಸತ್ತಿರುತ್ತದೆ.

ಸೀತಾಳೆ ದಂಡೆ ನಮ್ಮ ಘಟ್ಟದ ಆರ್ಕಿಡ್. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸ. ಇಂಗ್ಲಿಷರಿಗೆ ಈ ಹೂಗೊಂಚಲು ನರಿಯ ಬಾಲದಂತೆ ಕಂಡಿತು. ನಮ್ಮ ಹೆಂಗಸರಿಗೆ ಕಂಡದ್ದು ಜಡೆಗೆ ಮುಡಿಯುವ ದಂಡೆ, ಅದೂ ವನವಾಸದಲ್ಲಿದ್ದ ಸೀತೆ ಮುಡಿದ ದಂಡೆ. ಕೆಲವು ಕಡೆ ಇದೇ ಹೂವಿಗೆ ದ್ರೌಪದಿಯ ಹೆಸರಿದೆ. ಮರಾಠಿಯವರು ಸೀತೆಯ ವೇಣಿ ಎನ್ನುತ್ತಾರೆ. ಅಸ್ಸಾಮಿನಲ್ಲಿ ಇದು ಕಪೌ ಫೂಲ್. ಬಿಹು ಕುಣಿತದ ಹುಡುಗಿಯರ ತುರುಬಿನಲ್ಲಿ ತೂಗುವುದು ಇದೇ. ಅಸ್ಸಾಂ, ಅರುಣಾಚಲ ಎರಡೂ ರಾಜ್ಯಗಳು ಇದನ್ನು ತಮ್ಮ ರಾಜ್ಯಪುಷ್ಪ ಮಾಡಿಕೊಂಡಿವೆ. ದೇಶದ ಎರಡು ತುದಿಗಳಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಜನ ಒಂದು ಕಾಡುಹೂವನ್ನು ನೋಡಿ ಹೆಣ್ಣಿನ ಮುಡಿಯನ್ನೇ ನೆನೆದರು ಎಂಬುದು ಸೋಜಿಗದ ಸಂಗತಿ.

ಕೆಮ್ಮಣ್ಣಿಗೂ ಈ ಸೀತೆಗೂ ಒಂದು ನೀರಿನ ನಂಟಿದೆ. ಆಗುಂಬೆ ಸೀಮೆಯಲ್ಲಿ ಹುಟ್ಟಿ, ಸೋಮೇಶ್ವರ ಅಭಯಾರಣ್ಯದ ನಡುವೆ ಇಳಿದು, ಹೆಬ್ರಿ, ಬಾರ್ಕೂರುಗಳ ದಿಕ್ಕಿನಿಂದ ಬರುವ ಸೀತಾನದಿ ಕೋಡಿ ಬೆಂಗ್ರೆಯ ಬಳಿ ಸ್ವರ್ಣೆಯ ಜೊತೆಗೂಡಿಯೇ ಕಡಲಿಗೆ ಬೀಳುತ್ತದೆ. ಆ ನದಿಯ ಮೇಲ್ದಂಡೆಯ ಕಾಡಿನಲ್ಲಿ ಮತ್ತಿ, ಮಾವು, ಹಲಸಿನ ಕೊಂಬೆಗಳ ಮೇಲೆ ಕುಳಿತು ಬೆಳೆಯುವ ಗಿಡವನ್ನು ಕೆಳದಂಡೆಯ ಮನೆಯಲ್ಲಿ ಸಾಕುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ. ನಡುವೆ ಹತ್ತಾರು ಕಿಲೋಮೀಟರ್ ದಾರಿ ಮಾತ್ರ. ಆದರೆ ಮೇಲೆ ಕಾಡಿನ ತಂಪು, ಕೆಳಗೆ ಉಪ್ಪುಗಾಳಿ.

ಹೂ ಅರಳುವುದು ಪತ್ತನಾಜೆಯ ಆಸುಪಾಸಿನಲ್ಲಿ. ತುಳುವರ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದಲ್ಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಈ ಗಿಡ ತನ್ನ ಗೆಜ್ಜೆ ಕಟ್ಟುತ್ತದೆ. ಎಲೆಯ ಕಂಕುಳಿಂದ ಇಳಿಬೀಳುವ ಒಂದು ದಂಡೆ ಮೊಳದುದ್ದ ಬೆಳೆದು, ಚೆನ್ನಾಗಿ ಬಲಿತ ಗಿಡದಲ್ಲಿ ನೂರಕ್ಕೂ ಹೆಚ್ಚು ಹೂಗಳನ್ನು ಒತ್ತೊತ್ತಾಗಿ ಹೊರುತ್ತದೆ. ಒಂದೊಂದು ಹೂ ಎರಡು ಸೆಂಟಿಮೀಟರಿನಷ್ಟು. ಬಿಳಿಯ ಮೇಲೆ ನೇರಳೆಗೆಂಪಿನ ಚುಕ್ಕಿ, ನಡುವಿನ ತುಟಿ ಪೂರಾ ನೇರಳೆ. ಎರಡು ಮೂರು ವಾರಗಳ ಸಂಭ್ರಮ, ಅಷ್ಟೇ. ಉಳಿದ ಹನ್ನೊಂದು ತಿಂಗಳು ಅದು ದಪ್ಪ ಪಟ್ಟಿಯೆಲೆಗಳ, ನೋಡಲು ಅಷ್ಟೇನೂ ಚೆಂದವಿಲ್ಲದ ಗಿಡ. ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಬಾಡದೆ ನಿಲ್ಲುವ ಫಲೆನೋಪ್ಸಿಸ್, ಬಣ್ಣಬಣ್ಣದ ಡೆಂಡ್ರೋಬಿಯಂ ಮಿಶ್ರತಳಿ ಆರ್ಕಿಡ್‌ಗಳು ಸಿಗುವಾಗ ಇದನ್ನು ಕೇಳುವವರು ಕಡಿಮೆಯಾಗಿರುವುದಕ್ಕೆ ಇದೂ ಕಾರಣವಿರಬೇಕು.

ಈ ಗಿಡ ಜಗತ್ತಿನ ಪುಸ್ತಕ ಸೇರಿದ್ದು ನಮ್ಮ ಕರಾವಳಿಯಿಂದಲೇ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಬರೆಯಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರೂ ಇದ್ದರು. ಕೊನೆಯ ಸಂಪುಟದಲ್ಲಿ ‘ಅನ್ಸ್‌ಜೇಲಿ ಮರವಾರ’ ಎಂಬ ಹೆಸರಿನಲ್ಲಿ ಸೀತಾಳೆ ದಂಡೆಯ ಚಿತ್ರವಿದೆ. ಮರವಾರ ಎಂದರೆ ಮಲಯಾಳದ ಮರವಾಳ, ಮರದ ಮೇಲಿನ ಬಾಳೆ. ಅನ್ಸ್‌ಜೇಲಿ ಎಂದರೆ ಅಂಜಿಲಿ, ನಮ್ಮ ಹೆಬ್ಬಲಸು. ಹೆಬ್ಬಲಸಿನ ಮೇಲೆ ಬೆಳೆಯುವ ಮರಬಾಳೆ! ಗಿಡಕ್ಕೆ ಬೇಕಾದ ಮನೆ ಯಾವುದೆಂದು ಆ ಹೆಸರೇ ಹೇಳುತ್ತಿತ್ತು. 1753ರಲ್ಲಿ ಲಿನೇಯಸ್ ಆ ಚಿತ್ರವನ್ನು ಆಧರಿಸಿ ಗಿಡಕ್ಕೆ ಲ್ಯಾಟಿನ್ ಹೆಸರು ಕೊಟ್ಟಾಗ ಹೆಬ್ಬಲಸು ಬಿಟ್ಟುಹೋಯಿತು, ಎಲೆಯ ತುದಿ ಮೊಂಡಾಗಿ ಸೀಳಿದಂತಿದೆ ಎಂಬ ‘ರೆಟ್ಯೂಸ’ ಉಳಿಯಿತು. ಸಾಕುವವರಿಗೆ ಹಳೆಯ ಹೆಸರೇ ಹೆಚ್ಚು ಉಪಕಾರಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಲೇಬೇಕು, ಏಕೆಂದರೆ ಅದರಿಂದ ಪ್ರತಿವರ್ಷ ಗಿಡಗಳು ಸಾಯುತ್ತವೆ. ಮಾವಿನ ಮರ ಸವರುವಾಗ ಕೊಂಬೆಯ ಮೇಲೆ ಕಂಡ ಆರ್ಕಿಡನ್ನು ಬಂದಣಿಕೆ ಎಂದು ಕಿತ್ತು ಬೆಂಕಿಗೆ ಹಾಕುವ ರೂಢಿ ಇದೆ. ಬಂದಣಿಕೆ ಬೇರೆಯೇ. ಅದು ಕೊಂಬೆಯೊಳಕ್ಕೆ ಬೇರು ಚುಚ್ಚಿ ಮರದ ರಸ ಹೀರುತ್ತದೆ. ಸೀತಾಳೆ ದಂಡೆಯ ಬೇರು ತೊಗಟೆಯನ್ನು ತಬ್ಬಿ ಹಿಡಿದಿರುತ್ತದೆ, ಒಳಗೆ ಇಳಿಯುವುದಿಲ್ಲ. ಆಟಿ ತಿಂಗಳಲ್ಲಿ ಪತ್ರೊಡೆಗೆಂದು ಹುಡುಕಿ ತರುವ ಮರಕೆಸುವಿನಂತೆ ಅದು ಮರದ ಮೇಲಿನ ಒಕ್ಕಲು; ಮರದ ಅನ್ನಕ್ಕೆ ಕೈಹಾಕುವುದಿಲ್ಲ.

ಹಾಗಾದರೆ ತಿನ್ನುವುದೇನು? ಉತ್ತರ ಬೇರಿನಲ್ಲಿದೆ. ಪೆನ್ಸಿಲಿನಷ್ಟು ದಪ್ಪದ ಆ ಬೇರುಗಳ ಹೊರಮೈಗೆ ವೆಲಾಮೆನ್ ಎಂಬ ಹೊದಿಕೆ ಇದೆ. ಸತ್ತ ಕೋಶಗಳ ಸ್ಪಂಜು ಅದು. ಒಣಗಿದಾಗ ಒಳಗೆಲ್ಲ ಗಾಳಿ ತುಂಬಿ ಬೆಳ್ಳಿಯ ಬಣ್ಣ. ನೀರು ತಾಗಿದ ಕ್ಷಣಗಳಲ್ಲೇ ಸ್ಪಂಜು ತುಂಬಿ ಒಳಗಿನ ಹಸುರು ಹೊರಗೆ ಹೊಳೆಯುತ್ತದೆ. ಮಳೆಯ ಮೊದಲ ಹನಿಗಳು ಎಲೆಯ ಧೂಳು, ಹಕ್ಕಿಯ ಹಿಕ್ಕೆ, ತೊಗಟೆಯ ಪುಡಿಯನ್ನು ತೊಳೆದು ತರುವ ಸಾರವನ್ನು ಅದು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಅದಕ್ಕೆ ಬೇಕಾದದ್ದು ಗಾಳಿ. ಬೇರು ಉಸಿರಾಡಬೇಕು, ಒಂದಷ್ಟು ಹೊತ್ತಿನಲ್ಲಿ ಮತ್ತೆ ಬೆಳ್ಳಿಯಾಗಬೇಕು. ಮಣ್ಣಿನಲ್ಲಿ ಹೂತ ಬೇರು ಬೆಳ್ಳಿಯಾಗುವುದೇ ಇಲ್ಲ. ಕಂದಾಗಿ, ಮೆತ್ತಗಾಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಕಳಚಿ ನಾರು ಮಾತ್ರ ಕೈಗೆ ಬರುತ್ತದೆ. ಮನೆಯಲ್ಲಿ ಸತ್ತ ಆರ್ಕಿಡ್‌ಗಳಲ್ಲಿ ಬಾಯಾರಿ ಸತ್ತವಕ್ಕಿಂತ ಹೀಗೆ ಉಸಿರುಕಟ್ಟಿ ಸತ್ತವೇ ಹೆಚ್ಚು.

ಈ ಗಿಡದ ಮೈಕಟ್ಟನ್ನೂ ಗಮನಿಸಬೇಕು. ಡೆಂಡ್ರೋಬಿಯಂಗೆ ಕಬ್ಬಿನ ಗಣ್ಣಿನಂಥ ದಪ್ಪ ಕಾಂಡವಿದೆ. ಅದರಲ್ಲಿ ನೀರು ಕೂಡಿಟ್ಟುಕೊಂಡು ಬೇಸಿಗೆ ಕಳೆಯುತ್ತದೆ. ಸೀತಾಳೆ ದಂಡೆಗೆ ಅಂಥ ಕಣಜವಿಲ್ಲ. ಒಂದೇ ಕಾಂಡ, ತುದಿಯಲ್ಲಿ ಮಾತ್ರ ಬೆಳವಣಿಗೆ, ಅಕ್ಕಪಕ್ಕ ಜೋಡಿಸಿದ ತೊಗಲಿನಂಥ ಎಲೆಗಳು. ಹಗಲಿನ ಬಿಸಿಲಿನಲ್ಲಿ ನೀರು ಆವಿಯಾಗಿ ಹೋಗದಂತೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಅನಾನಸಿನಂತೆ ರಾತ್ರಿ ತೆರೆದು ಇಂಗಾಲದ ಡೈ ಆಕ್ಸೈಡ್ ಎಳೆದುಕೊಳ್ಳುತ್ತದೆ. ಆ ಒಂದು ತುದಿ ಕೊಳೆತರೆ ಗಿಡದ ಕಥೆ ಮುಗಿದಂತೆಯೇ. ಬದುಕಿದರೆ ಬುಡದಲ್ಲಿ ಮರಿ ಬರಬೇಕು.

ಇನ್ನು ಮನೆಯ ಕೆಲಸ. ಅಂಗಳದಲ್ಲಿ ಒರಟು ತೊಗಟೆಯ ಮಾವೋ ಹಲಸೋ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಆಳೆತ್ತರದಲ್ಲಿ, ಮೂಡಣ ಬದಿಯಲ್ಲಿ, ಗಿಡದ ಸುಳಿ ಆಕಾಶಕ್ಕೆ ಬಾಯಿ ತೆರೆಯದಂತೆ ಓರೆಯಾಗಿಟ್ಟು ಹತ್ತಿಯ ಬಟ್ಟೆಪಟ್ಟಿಯಿಂದ ಕಟ್ಟಬೇಕು. ಬೇರು ತೊಗಟೆ ಹಿಡಿಯುವ ಹೊತ್ತಿಗೆ ಬಟ್ಟೆ ತಾನೇ ಕರಗುತ್ತದೆ. ತಂತಿ, ನೈಲಾನ್ ದಾರ ಕಾಂಡವನ್ನು ಕೊಯ್ಯುತ್ತವೆ. ಪೇರಳೆಯಂತೆ ಸಿಪ್ಪೆ ಸುಲಿಯುವ ಮರಗಳು ಬೇಡ. ಕಟ್ಟುವ ಕಾಲ ಮಳೆಗೆ ಸ್ವಲ್ಪ ಮುಂಚೆ, ಹೊಸ ಬೇರಿನ ತುದಿ ಹಸುರಾಗಿ ಹೊರಡುವಾಗ.

ಮರವಿಲ್ಲದವರಿಗೆ ಸಾಗುವಾನಿ ಪಟ್ಟಿಗಳ ಬುಟ್ಟಿ. ಅದಕ್ಕೆ ತುಂಬುವ ಸಾಮಗ್ರಿಯನ್ನು ಪೇಟೆಯಿಂದ ತರಬೇಕಾಗಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯಿಂದಾಗಿ ಈ ಕರಾವಳಿಯ ಪ್ರತಿ ಹಿತ್ತಿಲಲ್ಲೂ ಒಡೆದ ಹಂಚಿನ ರಾಶಿ ಇದೆ. ಕೆಮ್ಮಣ್ಣೇ ಆದರೂ ಸುಟ್ಟ ಮಣ್ಣು. ಸೂಕ್ಷ್ಮ ರಂಧ್ರಗಳಿಂದ ಒಂದಿಷ್ಟು ನೀರು ಹೀರಿ ನಿಧಾನವಾಗಿ ಬಿಡುತ್ತದೆ, ಕೊಳೆಯುವುದಿಲ್ಲ. ಹೆಬ್ಬೆರಳಿನ ಗಾತ್ರದ ನಾಲ್ಕಾರು ಹಂಚಿನ ಚೂರು, ಅಷ್ಟೇ ಇದ್ದಿಲು, ನಡುವೆ ಕೈ ಹೋಗುವಷ್ಟು ಖಾಲಿ. ಬುಟ್ಟಿ ತುಂಬಿಸುವುದು ಬೇಡ; ಬೇರು ಪಟ್ಟಿಗಳ ಸಂದಿಯಿಂದ ಹೊರಬಂದು ಗಾಳಿಯಲ್ಲಿ ತೂಗಾಡಿದರೆ ಅದು ಸುಖವಾಗಿದೆ ಎಂದೇ ಅರ್ಥ. ಅದನ್ನು ಮತ್ತೆ ಒಳಗೆ ತುರುಕಲು ಹೋಗಬಾರದು. ವರ್ಷವರ್ಷ ಬುಟ್ಟಿ ಬದಲಿಸುವುದನ್ನೂ ಈ ಗಿಡ ಸಹಿಸದು. ಬೇರು ಕಿತ್ತ ನೋವಿಗೆ ಆ ವರ್ಷದ ಹೂವನ್ನೇ ಕೈಬಿಡುತ್ತದೆ. ಹಳೆಯ ಬುಟ್ಟಿ ಲಡ್ಡಾದರೆ ಅದನ್ನು ಹಾಗೆಯೇ ದೊಡ್ಡದರೊಳಗೆ ಕೂರಿಸಿದರಾಯಿತು.

ತೆಂಗಿನ ಸಿಪ್ಪೆಯ ಬಗ್ಗೆ ಎಚ್ಚರಿಕೆ ಬೇಕು. ಎಲ್ಲರ ಮನೆಯಲ್ಲೂ ಇರುವುದರಿಂದ ಎಲ್ಲರೂ ಮೊದಲು ಅದನ್ನೇ ಬಳಸುತ್ತಾರೆ. ಬೇಸಿಗೆಯಲ್ಲಿ ಅದು ತೇವ ಹಿಡಿದು ಉಪಕಾರ ಮಾಡುತ್ತದೆ. ಆದರೆ ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ಸಿಪ್ಪೆ ಒಣಗುವುದಿಲ್ಲ, ಎರಡನೆಯ ಮಳೆಗಾಲಕ್ಕೆ ಕೊಳೆತು ಬೇರನ್ನೂ ಕೊಳೆಸುತ್ತದೆ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆ, ಕತ್ತದ ನಾರಾದರೆ ಉಪ್ಪು ಒಳಗೇ ಕುಳಿತಿರುತ್ತದೆ. ಬಳಸಲೇಬೇಕೆಂದರೆ ಹಲವು ದಿನ ಸಿಹಿನೀರು ಬದಲಿಸುತ್ತ ನೆನೆಸಿಟ್ಟು, ಹಿಂಡಿ, ಒಣಗಿಸಿ, ಒಂದೆರಡು ತುಂಡು ಮಾತ್ರ ಇಡಬೇಕು.

ಉಪ್ಪೇ ಈ ಊರಿನ ದೊಡ್ಡ ಸಮಸ್ಯೆ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಭರತದ ನೀರು ಒಳಗೊಳಗೆ ಏರಿ ಬರುತ್ತದೆ, ಕುದ್ರು ಮತ್ತು ಹೊಳೆಬದಿಯ ಬಾವಿಗಳ ನೀರು ನಾಲಿಗೆಗೆ ಉಪ್ಪಾಗುತ್ತದೆ. ತೆಂಗು ಅದನ್ನು ತಾಳಿಕೊಂಡೀತು. ಮಳೆಯ ನೀರಿನಲ್ಲೇ ಬದುಕಲು ಹುಟ್ಟಿದ ಬೇರಿಗೆ ಆ ಶಕ್ತಿ ಇಲ್ಲ. ಹಂಚಿನ ಚೂರುಗಳ ಮೇಲೆ ಬಿಳಿಯ ಹರಳು ಕಟ್ಟುವುದು, ಬೇರಿನ ಹಸುರು ತುದಿ ಸುಟ್ಟಂತೆ ಕಪ್ಪಾಗುವುದು ಇದರ ಗುರುತು. ಬಹಳ ಜನ ಇದನ್ನು ನೀರು ಕಡಿಮೆಯಾದದ್ದೆಂದು ತಿಳಿದು ಅದೇ ನೀರನ್ನು ಇನ್ನಷ್ಟು ಹೊಯ್ಯುತ್ತಾರೆ! ಪರಿಹಾರ ಮಾಡಿನ ಮೇಲೆಯೇ ಇದೆ. ನಾಲ್ಕು ಗಿಡಗಳಿಗೆ ಮಾರ್ಚ್‌ನಿಂದ ಮೇವರೆಗೆ ಬೇಕಾದ ನೀರು ಒಂದು ಡ್ರಮ್ಮಿನಷ್ಟು. ಮಳೆಗಾಲದ ಕೊನೆಯಲ್ಲಿ ಹಂಚಿನ ಮಾಡು ಚೆನ್ನಾಗಿ ತೊಳೆದುಹೋದ ಮೇಲೆ ಇಳಿವ ನೀರನ್ನು ಹಿಡಿದು, ಸೊಳ್ಳೆ ನುಗ್ಗದಂತೆ ಬಿಗಿಯಾಗಿ ಮುಚ್ಚಿಟ್ಟರೆ ಸಾಕು. ಕಡಲಿಗೆ ತೀರ ಹತ್ತಿರದ ಮನೆಗಳಲ್ಲಿ ಪಡುಗಾಳಿ ಬೀಸಿದ ಮರುದಿನ ಅದೇ ನೀರಿನಿಂದ ಎಲೆಗಳನ್ನೊಮ್ಮೆ ತೊಳೆಯುವುದೂ ಒಳ್ಳೆಯದು. ಮಣಿಪಾಲದ ಗುಡ್ಡದ ಮೇಲಿನವರಿಗೆ, ಕಾರ್ಕಳದವರಿಗೆ ಈ ಕಷ್ಟವಿಲ್ಲ. ಕಾಪುವಿನ ಕಡಲಬದಿಯವರಿಗೆ ಇದೆ.

ನೀರಿನ ಲೆಕ್ಕವನ್ನು ಇಂಗ್ಲಿಷ್ ಪುಸ್ತಕಗಳ ಋತುಗಳಿಗಿಂತ ತುಳು ತಿಂಗಳುಗಳಿಗೆ ಹೊಂದಿಸಿಕೊಂಡರೆ ಸುಲಭ. ಮಾಯಿ, ಸುಗ್ಗಿ, ಪಗ್ಗು: ಬಿಸಿಲು ಏರುವ ಕಾಲ. ದಿನವೂ ಬೆಳಿಗ್ಗೆ ಬೇರು ಪೂರಾ ಹಸುರಾಗುವಷ್ಟು ನೀರು, ಗಾಳಿ ತೀರ ಒಣಗಿದ ದಿನ ಸಂಜೆ ಇನ್ನೊಮ್ಮೆ ಸಿಂಪರಣೆ. ಬೇಷದಲ್ಲಿ ಹೂ, ಬೇರಿಗೆ ನೀರುಂಟು, ದಂಡೆಯ ಮೇಲೆ ಬೇಡ. ಕಾರ್ತೆಲ್, ಆಟಿಯಲ್ಲಿ ಮನುಷ್ಯರ ಕೆಲಸ ನೀರು ಕೊಡುವುದಲ್ಲ, ತಡೆಯುವುದು. ಸೋಣ, ನಿರ್ನಾಲದ ಬಿಸಿಲು-ಮಳೆಯ ಆಟದಲ್ಲಿ ಗಿಡ ಚುರುಕಾಗಿ ಎಲೆ ಬಿಡುತ್ತದೆ. ಗೊಬ್ಬರಕ್ಕೆ ಅದೇ ಸಕಾಲ. ಜಾರ್ದೆ, ಪೆರಾರ್ದೆಯಲ್ಲಿ ಕೈ ಬಿಗಿಮಾಡಬೇಕು. ವಾರಕ್ಕೆ ಎರಡೋ ಮೂರೋ ಸಲ, ಅದೂ ಬೆಳಿಗ್ಗೆ. ಚಳಿ, ಒಣಗಾಳಿಯ ಈ ಬಿಡುವು ಗಿಡಕ್ಕೆ ಬೇಕು. ದಯೆಯಿಂದ ವರ್ಷವಿಡೀ ಒಂದೇ ಸಮನೆ ನೀರೂ ಗೊಬ್ಬರವೂ ಉಂಡ ಗಿಡ ಎಲೆಯ ಮೇಲೆ ಎಲೆ ಬಿಟ್ಟು, ಹೂ ಬಿಡುವುದನ್ನು ಮರೆಯುತ್ತದೆ.

ಗೊಬ್ಬರ ಅಂದರೆ ಬಹಳ ತೆಳ್ಳಗೆ. 19:19:19 ಪುಡಿಯಾದರೆ ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಮೊದಲು ಬರಿನೀರಿನಿಂದ ಬೇರು ನೆನೆಸಿದ ಮೇಲೆ. ಸೆಗಣಿ ಬಗ್ಗಡ ವೆಲಾಮೆನ್ನಿನ ಬಾಯಿ ಕಟ್ಟುತ್ತದೆ. ಒಣಮೀನು ನೆನೆಸಿದ ನೀರು ಉಪ್ಪನ್ನೇ ಹೊತ್ತು ತರುತ್ತದೆ.

ಬೆಳಕಿಗೆ ಎಲೆಯ ಬಣ್ಣವೇ ಮಾಪಕ. ಕಡುಹಸುರಿನ, ಜೋತುಬಿದ್ದ ಉದ್ದ ಎಲೆ ಕತ್ತಲೆ ಹೆಚ್ಚಾಯಿತೆಂದು ಹೇಳುತ್ತದೆ. ಹಳದಿ ತಿರುಗಿ ಅಲ್ಲಲ್ಲಿ ಕೆಂಪಾದರೆ ಬಿಸಿಲು ಹೆಚ್ಚಾಗಿದೆ. ಎಳೆ ಬಾಳೆಯೆಲೆಯ ತಿಳಿಹಸುರು ಇದ್ದರೆ ಸರಿ. ಮೂಡಣ ಜಗಲಿಯ ಎಳೆಬಿಸಿಲು, ಹತ್ತು ಗಂಟೆಯ ಮೇಲೆ ನೆರಳುಬಲೆ ಅಥವಾ ಮರದ ನೆರಳು. ಮನೆಯ ಒಳಗೆ, ಟಿ.ವಿ.ಯ ಪಕ್ಕ ಇಟ್ಟು ಹೂ ನಿರೀಕ್ಷಿಸುವುದು ವ್ಯರ್ಥ.

ಆಟಿಯ ಮಳೆಗೆ ಮರಳಿದರೆ, ಆಗ ಎರಡು ಶತ್ರುಗಳು. ಒಂದು ಬಸವನಹುಳು. ಬೇರಿನ ಎಳೆತುದಿ ಅದಕ್ಕೆ ಹಬ್ಬದೂಟ. ಒಂದೇ ರಾತ್ರಿಯಲ್ಲಿ ವರ್ಷದ ಬೆಳವಣಿಗೆಯನ್ನು ಮುಗಿಸುತ್ತದೆ. ಟಾರ್ಚು ಹಿಡಿದು ರಾತ್ರಿ ಒಂಬತ್ತಕ್ಕೆ ಹೆಕ್ಕುವುದಕ್ಕಿಂತ ಉತ್ತಮ ಮದ್ದು ಇಲ್ಲ. ಎರಡನೆಯದು ಕೊಳೆ. ಸುಳಿಯಲ್ಲಿ ನಿಂತ ನೀರಿನಿಂದ ಶುರುವಾಗಿ, ಎಲೆಯ ಬುಡ ಕಪ್ಪಾಗಿ, ಎಳೆದರೆ ಎಲೆ ಕೈಗೆ ಬರುತ್ತದೆ. ಅಡಿಕೆ ತೋಟದವರಿಗೆ ಈ ಶತ್ರುವಿನ ಕುಲ ಗೊತ್ತು: ಕೊಳೆರೋಗ ತರುವ ಫೈಟಾಫ್ತರದ ದಾಯಾದಿಯೇ ಇದು. ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಕುರಿತು ಪುಸ್ತಕ ಬರೆದು ಬೋರ್ಡೋ ದ್ರಾವಣದ ದಾರಿ ತೋರಿದ ಮೇಲೆ ಅಡಿಕೆ ಗೊನೆಗೆ ಮದ್ದು ಬಿಡುವುದು ಮಲೆನಾಡು-ಕರಾವಳಿಯ ಮಳೆಗಾಲದ ಕೆಲಸವೇ ಆಗಿದೆ. ಆದರೆ ತೋಟಕ್ಕೆ ತಂದ ಅದೇ ಮದ್ದನ್ನು ಆರ್ಕಿಡ್ಡಿಗೂ ಹೊಡೆಯಬಾರದು. ತಾಮ್ರದ ಅಂಶವನ್ನು ಹಲವು ಆರ್ಕಿಡ್‌ಗಳು ತಾಳವು. ಕೊಳೆತ ಭಾಗವನ್ನು ಸುಟ್ಟು ತಣಿಸಿದ ಬ್ಲೇಡಿನಿಂದ ಹಸುರು ಕಾಣುವವರೆಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ, ಬುಟ್ಟಿಯನ್ನು ಒಂದು ವಾರ ಒಣ ಗಾಳಿಯಲ್ಲಿಡುವುದು ಮನೆಮಂದಿಗೆ ಸಾಧ್ಯವಿರುವ ಚಿಕಿತ್ಸೆ. ಮರದ ಮೇಲೆ ಓರೆಯಾಗಿ ಕಟ್ಟಿದ ಗಿಡದ ಸುಳಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಕಾಡಿನಲ್ಲಿ ಆಗುಂಬೆಯ ಮಳೆಯನ್ನೇ ಈ ಗಿಡ ತಾಳುತ್ತದಲ್ಲ ಎಂದು ಅಚ್ಚರಿಪಡುವವರು ಅದು ಕೊಂಬೆಯಲ್ಲಿ ಕುಳಿತ ಕೋನವನ್ನು ನೋಡಬೇಕು.

ಇಷ್ಟೆಲ್ಲ ಕೇಳಿದವರ ಮುಂದಿನ ಪ್ರಶ್ನೆ, ಗಿಡ ಎಲ್ಲಿಂದ? ಕಾಡಿಗೆ ಹೋಗಿ ಕಿತ್ತು ತರುವುದು ಬೇಡವೇ ಬೇಡ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಿಂದ ಒಂದು ಗಿಡ ತೆಗೆಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನಿನ ಮಾತು ಹಾಗಿರಲಿ, ಗಿಡದ ಆಯುಷ್ಯದ ಲೆಕ್ಕ ನೋಡಿದರೆ ಕೈ ಏಳುವುದಿಲ್ಲ. ಒಂದು ಕಾಯಿಯಲ್ಲಿ ಧೂಳಿನಂಥ ಅಸಂಖ್ಯ ಬೀಜಗಳಿದ್ದರೂ ಅವುಗಳಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುವುದಿಲ್ಲ. ತೊಗಟೆಯ ಮೇಲೆ ತಕ್ಕ ಶಿಲೀಂಧ್ರದ ನಂಟು ಸಿಕ್ಕರೆ ಮಾತ್ರ ಅದರಿಂದ ಉಂಡು ಮೊಳೆಯುತ್ತವೆ. 1899ರಲ್ಲಿ ಫ್ರಾನ್ಸಿನ ನೊಯೆಲ್ ಬೆರ್ನಾರ್ ಈ ಗುಟ್ಟು ಕಂಡುಹಿಡಿಯುವವರೆಗೆ ಆರ್ಕಿಡ್ ಬೀಜ ಏಕೆ ಮೊಳೆಯುವುದಿಲ್ಲ ಎಂಬುದು ಯುರೋಪಿನ ತೋಟಗಾರರಿಗೆ ಬಿಡಿಸಲಾಗದ ಒಗಟಾಗಿತ್ತು. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗಾರ್ ಮೇಲೆ ಬೀಜ ಮೊಳೆಯಿಸಿ ತೋರಿಸಿದರು. ಇಂದು ನರ್ಸರಿಗಳಲ್ಲಿ ಗಾಜಿನ ಬಾಟಲಿಯಲ್ಲಿ ಬರುವ ಆರ್ಕಿಡ್ ಸಸಿಗಳೆಲ್ಲ ಆ ದಾರಿಯ ಮಕ್ಕಳು. ಸಿಕ್ಕಿಂನ ಪಾಕ್ಯೊಂಗ್‌ನಲ್ಲಿ 1996ರಿಂದ ಆರ್ಕಿಡ್‌ಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಇದೆ. ಪ್ರಯೋಗಾಲಯದ ಸಸಿಯನ್ನೇ ಕೇಳಿ ಕೊಳ್ಳಬೇಕು. ಹೂ ಬಿಡಲು ಅದಕ್ಕೆ ಇನ್ನೂ ಹಲವು ವರ್ಷ ಬೇಕು ಎಂಬುದನ್ನೂ ಒಪ್ಪಿಕೊಂಡಿರಬೇಕು. ಸಂತೆಯಲ್ಲಿ ತುಂಡಾದ ಹಳೆಬೇರಿನ, ತೊಗಟೆಯ ಚೂರು ಅಂಟಿದ ಗಿಡ ಕಂಡರೆ ಅದು ಕಾಡಿನಿಂದ ಕಿತ್ತದ್ದು.

ಮಳೆಗಾಳಿಗೆ ಸ್ವಂತ ಹಿತ್ತಿಲ ಮಾವಿನ ಕೊಂಬೆ ಮುರಿದು ಬಿದ್ದಾಗ ಅದರ ಮೇಲಿದ್ದ ಗಿಡದ ಮಾತು ಬೇರೆ. ನೆಲಕ್ಕೆ ಬಿದ್ದ ಗಿಡ ಬದುಕುವುದು ಅಪರೂಪ. ಅಂಥದನ್ನು ಕೊಂಬೆಯಿಂದ ಕೀಳದೆ, ಗಿಡ ಕುಳಿತ ತುಂಡನ್ನೇ ಗರಗಸದಿಂದ ಕೊಯ್ದು ಇನ್ನೊಂದು ಮರಕ್ಕೆ ಕಟ್ಟಿದರೆ ಬೇರಿಗೆ ಏಟಾಗುವುದಿಲ್ಲ.

ಜೂನಿನ ಮೊದಲ ವಾರ, ಮುಂಗಾರು ಮೋಡ ಕಡಲ ಮೇಲೆ ಕಟ್ಟುವಾಗ ದಂಡೆಯ ಹೂಗಳು ಮೇಲಿನಿಂದ ಬಾಡುತ್ತ ಬರುತ್ತವೆ. ಕೊನೆಯ ಹೂ ಉದುರಿದ ಮೇಲೆ ದಂಡೆಯನ್ನು ಬುಡದಿಂದ ಬೆರಳಗಲ ಬಿಟ್ಟು ಕತ್ತರಿಸಬೇಕು. ಬುಟ್ಟಿಯನ್ನು ಬಿಸಿಲಿನ ಜಾಗದಿಂದ ಬಿಚ್ಚಿ ಮಾಡಿನ ಅಂಚಿನಿಂದ ಎರಡು ಮೊಳ ಒಳಕ್ಕೆ, ಎರಚಲು ತಾಗುವ ಆದರೆ ಸೂರಿನ ಧಾರೆ ಬೀಳದ ಜಾಗದಲ್ಲಿ, ಸುಳಿ ಓರೆಯಾಗುವಂತೆ ಒಂದು ಬದಿಯ ಸರಪಳಿ ಗಿಡ್ಡಮಾಡಿ ತೂಗುಹಾಕಬೇಕು. ಖಾಲಿಯಾದ ಮಳೆನೀರಿನ ಡ್ರಮ್ಮನ್ನು ಅದೇ ದಿನ ತಿಕ್ಕಿ ತೊಳೆದು ಕವುಚಿಡಬಹುದು. ಮತ್ತೆ ಅದರ ಕೆಲಸ ಬೀಳುವುದು ನಿರ್ನಾಲದಲ್ಲಿ.